ಮಂಜರಾಬಾದಿನ ಬೆಟ್ಟಗಳು ಲೋಕಕ್ಕೆ ಪರಿಚಯವಾದ ಬಗೆ

ಸಕಲೇಶಪುರ ತಾಲ್ಲೂಕಿನ ಹಾನುಬಾಳು, ಹೆತ್ತೂರು, ಬಿಸಿಲೆ ಸುತ್ತಿನ ಗುಡ್ಡಗಳ ಹೆಸರು ಇಂದು ಬೆಂಗಳೂರಿನ ಚಾರಣಿಗರಿಗೆ ಬಾಯಿಪಾಠವಾಗಿದೆ. ಒಬ್ಬರು ಕಂಡು ಮೆಚ್ಚಿದ ತಾಣವನ್ನು ಚಿತ್ರ ಮತ್ತು ದಾರಿಯ ಗುರುತಿನೊಂದಿಗೆ ಅಂತರಜಾಲದಲ್ಲಿ ಹಂಚಿಕೊಳ್ಳುವ ಈ ರೂಢಿ ಹೊಸದಾದರೂ, ಈ ಗುಡ್ಡಗಳನ್ನೊಳಗೊಂಡ ಹಳೆಯ ಮಂಜರಾಬಾದ್ ಸೀಮೆಯ ಅರಿವು ಹೊರಗಿನವರಿಗೆ ದಾಟಿಹೋದ ಇತಿಹಾಸ ಎರಡು ಶತಮಾನಗಳಿಗೂ ಹಿಂದಿನದು. ಆ ಅರಿವು ಯಾರಿಂದ ಯಾರಿಗೆ, ಯಾವ ಕಟ್ಟುಪಾಡಿನೊಡನೆ ತಲುಪಿತು ಎಂಬುದನ್ನು ಪರಿಶೀಲಿಸಿದರೆ ಜನದಟ್ಟಣೆಯಿಂದ ಇಂದು ಉಂಟಾಗಿರುವ ತೊಡಕಿನ ಮೂಲ ಸ್ಪಷ್ಟವಾಗುತ್ತದೆ.

ಊರಿನವರ ಪಾಲಿಗೆ ಬೆಟ್ಟವೆಂಬುದು ದೈವದ ನೆಲೆಯಾಗಿತ್ತು. ಪಾಂಡವರ ಗುಡ್ಡದ ಬೆಟ್ಟದ ಭೈರವೇಶ್ವರನ ಗುಡಿಯಂತಹ ನೆಲೆಗಳಿಗೆ ಹೋಗುವ ದಾರಿಯನ್ನು ತಿಳಿದವನಿಗೆ ಅಲ್ಲಿ ನಡೆದುಕೊಳ್ಳಬೇಕಾದ ರೀತಿಯೂ ತಿಳಿದಿರುತ್ತಿತ್ತು. ಗ್ರಾಮದೇವತೆಯ ಸುಗ್ಗಿ ಹಬ್ಬಕ್ಕೆ ಮುನ್ನ ಕೆಲವು ಊರುಗಳಲ್ಲಿ ‘ಸಾರು ಹಾಕುವುದು’, ಅಂದರೆ ಹಬ್ಬದ ನಿಷೇಧಗಳನ್ನು ಊರಿಗೆಲ್ಲ ಸಾರುವುದು, ನಡೆದುಬಂದಿದ್ದು, ಆ ಬಳಿಕ ಹಸಿ ಮರ ಕಡಿಯುವಂತಿರಲಿಲ್ಲ. ಹೀಗೆ ನೆಲದ ಪರಿಚಯವೂ ಅದರ ನಿಯಮವೂ ಒಂದೇ ಬಾಯಿಂದ ಕಿರಿಯರಿಗೆ ತಲುಪುತ್ತಿದ್ದವು.

ಆಳುವವರಿಗಾದರೋ ಇದೇ ನೆಲದ ಅರಿವು ಸೇನೆಯ ವಿಷಯವಾಗಿತ್ತು. ಮಂಗಳೂರಿನ ಹಾದಿಯ ಮೇಲೆ ಕಣ್ಣಿಡಲು ಟಿಪ್ಪು ಸುಲ್ತಾನ್ 1792ರಲ್ಲಿ ದೋಣಿಗಾಲ್ ಸಮೀಪದ ಗುಡ್ಡದ ಮೇಲೆ ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದನು. ಅವನ ಪತನದ ನಂತರವೂ ಬಲಂ, ಅಂದರೆ ಇದೇ ಸೀಮೆಯ, ಪಾಳೆಯಗಾರನಾದ ವೆಂಕಟಾದ್ರಿ ನಾಯಕನು ದಟ್ಟ ಕಾಡಿನ ಆಸರೆಯಲ್ಲಿ ಪ್ರತಿರೋಧ ಒಡ್ಡಿದ್ದರಿಂದ, 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಬ್ರಿಟಿಷ್ ಪಡೆ ಅವನ ನೆಲೆಯಾದ ಅರಕೆರೆಯನ್ನು ಮುತ್ತಿತು. ನಾಯಕನನ್ನು ಹಿಡಿದು ಗಲ್ಲಿಗೇರಿಸಲಾಯಿತು ಮತ್ತು ಕಾಡನ್ನು ಸೀಳಿ ರಸ್ತೆಗಳನ್ನು ತೆರೆಯಲಾಯಿತು.

ಆ ರಸ್ತೆಗಳ ಹಿಂದೆಯೇ ಕಾಫಿಯೂ ಬರಹವೂ ಬಂದವು. ಬಿ. ಎಲ್. ರೈಸ್ ಅವರು ಸಿದ್ಧಪಡಿಸಿದ ಮೈಸೂರು ಗ್ಯಾಸೆಟಿಯರ್, ಅಂದರೆ ಸೀಮೆಯ ಊರು, ಹೊಳೆ, ಬೆಳೆಗಳನ್ನು ಕ್ರಮವಾಗಿ ದಾಖಲಿಸುವ ಸರ್ಕಾರಿ ಗ್ರಂಥ, ಈ ಬೆಟ್ಟಗಳನ್ನು ಕಚೇರಿಗಳಿಗೆ ಪರಿಚಯಿಸಿತು. ಮಂಜರಾಬಾದಿನ ಕಾಫಿ ತೋಟಗಾರ ರಾಬರ್ಟ್ ಎಚ್. ಎಲಿಯಟ್, ತನ್ನ 38 ವರ್ಷಗಳ ಅನುಭವವನ್ನು 1894ರ ಇಂಗ್ಲಿಷ್ ಗ್ರಂಥವೊಂದರಲ್ಲಿ ದೂರದೇಶದ ಓದುಗರ ಮುಂದಿಟ್ಟನು. ಹಾಗೆ ಓದಿದವರಲ್ಲಿ ಇಲ್ಲಿಗೆ ಬರಬಲ್ಲವರು ವಿರಳವಾಗಿದ್ದುದರಿಂದ ಬೆಟ್ಟಗಳ ಮೇಲೆ ಆ ಬರಹದಿಂದ ಜನದಟ್ಟಣೆಯ ಭಾರ ಬೀಳಲಿಲ್ಲ.

ಓದುವವರಿಗೂ ಬರಬಲ್ಲವರಿಗೂ ನಡುವಿನ ಈ ಅಂತರ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕಡಿಮೆಯಾಯಿತು. 1979ರಲ್ಲಿ ಪೂರ್ಣಗೊಂಡಿದ್ದ ಹಾಸನ–ಮಂಗಳೂರು ಮೀಟರ್ ಗೇಜ್ ರೈಲುಮಾರ್ಗವನ್ನು ಹಳಿಗಳ ಅಗಲ ಹೆಚ್ಚಿಸುವ ಕಾಮಗಾರಿಗಾಗಿ 1996ರಲ್ಲಿ ಮುಚ್ಚಿದಾಗ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ಘಟ್ಟಭಾಗವು, ತನ್ನ 57 ಸುರಂಗಗಳೊಡನೆ, ಚಾರಣಿಗರ ನಡಿಗೆಯ ಹಾದಿಯಾಯಿತು. ದೋಣಿಗಾಲ್‌ನಿಂದ ಎಡಕುಮರಿಯವರೆಗಿನ ನಡಿಗೆಯ ವರ್ಣನೆಗಳು ಅಂತರಜಾಲದಲ್ಲಿ ಹರಡಿ ‘ಹಸಿರು ಹಾದಿ’ ಪ್ರಸಿದ್ಧವಾಯಿತು. 2006ರಲ್ಲಿ ಸರಕು ರೈಲುಗಳೂ 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲುಗಳೂ ಮರಳಿದವು. ಹಳಿಯ ಮೇಲಿನ ನಡಿಗೆ ಕಾನೂನುಬಾಹಿರವೂ ಪ್ರಾಣಾಪಾಯಕರವೂ ಆಯಿತು, ಆದರೆ ಹಳೆಯ ವರ್ಣನೆಗಳನ್ನು ಓದಿ ಬರುವವರು ಅಷ್ಟಕ್ಕೇ ನಿಲ್ಲಲಿಲ್ಲ.

ಈ ಹಂಚಿಕೆಯಿಂದ ದೊರೆತ ಲಾಭವನ್ನು ಅಲ್ಲಗಳೆಯಲಾಗದು. ನೆಲದ ಮೇಲೆ ನಿಂತವನಿಗೆ ಪೂರ್ತಿಯಾಗಿ ಕಾಣದ ಮಂಜರಾಬಾದ್ ಕೋಟೆಯ ನಕ್ಷತ್ರರೂಪವನ್ನು ಉಪಗ್ರಹ ಮತ್ತು ಡ್ರೋನ್ ಚಿತ್ರಗಳು ಜನಸಾಮಾನ್ಯರಿಗೆ ತೋರಿಸಿಕೊಟ್ಟವು; ಹೋಂಸ್ಟೇ, ಅಂದರೆ ತೋಟದ ಮನೆಗಳಲ್ಲೇ ಅತಿಥಿಗಳಿಗೆ ವಸತಿ ಒದಗಿಸುವ ಉದ್ಯಮ, ಕಾಫಿಯ ಬೆಲೆ ಕುಸಿದಾಗ ಬೆಳೆಗಾರರಿಗೆ ಆಸರೆಯಾಯಿತು. ಹಾನಿಯೂ ಅಷ್ಟೇ ನಿಜ: ಬಿಸಿಲೆಯಿಂದ ಕಾಣುವ ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಮಿತಿಮೀರಿ ಜನ ಸೇರಿದ ಬಳಿಕ ಸರ್ಕಾರ ಚಾರಣವನ್ನು ತಡೆದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯನ್ನು ತಂದು, ಒಂದು ಹಾದಿಗೆ ದಿನಕ್ಕೆ 300 ಜನರೆಂಬ ಮಿತಿ ಹಾಕಬೇಕಾಯಿತು.

ಸಾರು ಹಾಕುವ ಊರು ತಾನೇ ಒಪ್ಪಿ ಪಾಲಿಸುತ್ತಿದ್ದ ಸಂಯಮವನ್ನು ಇಂದು ಟಿಕೆಟ್ ಹೊರಗಿನಿಂದ ವಿಧಿಸುತ್ತಿದೆ, ಅದೂ ಕೆಲವೇ ಹಾದಿಗಳಲ್ಲಿ. ಮೆಚ್ಚಿದ ತಾಣವನ್ನು ಪರರಿಗೆ ತಿಳಿಸುವುದು ಉದಾರ ಗುಣವಾದ್ದರಿಂದ ಅದು ನಿಲ್ಲಬೇಕಾಗಿಲ್ಲ. ದಾರಿಯನ್ನು ಹೇಳುವವರು ಆ ನೆಲದ ಮಾಲೀಕರು ಯಾರು, ಗುಡಿಯ ನಿಯಮವೇನು, ಯಾವ ಕಾಲದಲ್ಲಿ ಅಲ್ಲಿಗೆ ಹೋಗಬಾರದು ಎಂಬುದನ್ನೂ ಜೊತೆಯಲ್ಲೇ ಹೇಳಿದರೆ, ಈ ಬೆಟ್ಟಗಳ ಪರಿಚಯವು ಮೊದಲಿದ್ದ ಪೂರ್ಣತೆಯನ್ನು ಮರಳಿ ಪಡೆಯುತ್ತದೆ.