ಮುಖದ ತಗ್ಗು ಕಲೆಗಳಿಗೆ ಕೊಬ್ಬಿನ ಕಸಿ

ಮೊಡವೆ, ಅಪಘಾತ ಅಥವಾ ಸುಟ್ಟ ಗಾಯ ಮಾಯ್ದ ನಂತರ ಮುಖದಲ್ಲಿ ಉಳಿಯುವ ತಗ್ಗಾದ ಕಲೆಗಳನ್ನು ರೋಗಿಯ ದೇಹದ ಕೊಬ್ಬಿನಿಂದಲೇ ತುಂಬುವ ಚಿಕಿತ್ಸೆಯೇ ಕೊಬ್ಬಿನ ಕಸಿ. ಜರ್ಮನಿಯ ಶಸ್ತ್ರವೈದ್ಯ ಗುಸ್ತಾವ್ ನ್ಯೂಬರ್ 1893ರಲ್ಲಿಯೇ ತೋಳಿನ ಕೊಬ್ಬನ್ನು ಮುಖದ ಕಲೆಗೆ ಕಸಿ ಮಾಡಿದ್ದರು. ಇಂದಿನ ಸೂಕ್ಷ್ಮ ವಿಧಾನವನ್ನು 1990ರ ದಶಕದಲ್ಲಿ ರೂಢಿಗೆ ತಂದವರಲ್ಲಿ ನ್ಯೂಯಾರ್ಕ್‌ನ ಸಿಡ್ನಿ ಕೋಲ್ಮನ್ ಪ್ರಮುಖರು.

ಹೊಟ್ಟೆ ಅಥವಾ ತೊಡೆಯಿಂದ ಹೀರಿ ತೆಗೆದ ಕೊಬ್ಬನ್ನು ರಕ್ತ, ಎಣ್ಣೆಯ ಅಂಶಗಳಿಂದ ಬೇರ್ಪಡಿಸಿ, ಮೊಂಡು ತುದಿಯ ತೆಳು ನಳಿಕೆಯ ಮೂಲಕ ಕಲೆಯ ಕೆಳಗೆ ಹನಿಹನಿಯಾಗಿ ಸೇರಿಸಲಾಗುತ್ತದೆ. ಚರ್ಮವನ್ನು ಒಳಕ್ಕೆ ಎಳೆದು ಹಿಡಿದಿರುವ ನಾರುಗಳನ್ನು ಮೊದಲೇ ಬಿಡಿಸಬೇಕಾಗುತ್ತದೆ. ಒಂದೇ ಕಡೆ ಹೆಚ್ಚು ತುಂಬಿದರೆ ಒಳಗಿನ ಜೀವಕೋಶಗಳಿಗೆ ಪೋಷಣೆ ದೊರೆಯದೆ ಅವು ಸಾಯುತ್ತವೆ, ಗಂಟುಗಳೂ ಉಳಿಯಬಹುದು.

ಅಗಲವಾದ ತಗ್ಗುಗಳಿಗೆ ಈ ಚಿಕಿತ್ಸೆ ಸೂಕ್ತ. ಸೂಜಿಮೊನೆಯಂಥ ಆಳವಾದ ಕುಳಿಗಳಿಗೆ ಹಾಗೂ ಉಬ್ಬಿದ ಕೆಲಾಯ್ಡ್ ಕಲೆಗಳಿಗೆ ಬೇರೆ ಚಿಕಿತ್ಸೆಗಳಿವೆ. ಕಸಿ ಮಾಡಿದ ಕೊಬ್ಬಿನ ಒಂದು ಪಾಲು ಮೊದಲ ತಿಂಗಳುಗಳಲ್ಲಿ ಕರಗುತ್ತದೆ. ಅದರ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಹೀಗಾಗಿ ಹಲವರಿಗೆ ಮತ್ತೊಮ್ಮೆ ಕಸಿ ಅಗತ್ಯವಾಗುತ್ತದೆ. ಕಲೆ ಸಂಪೂರ್ಣ ಅಳಿಯುತ್ತದೆ ಎಂಬ ಭರವಸೆಯನ್ನು ನಂಬುವಂತಿಲ್ಲ.

ಬಾವು, ಕಂದಿದ ಗುರುತು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತವೆ. ಆದರೆ ಹುಬ್ಬುಗಳ ನಡುವೆ ಅಥವಾ ಮೂಗಿನ ಸುತ್ತ ಕೊಬ್ಬು ಅಪಧಮನಿಯೊಳಗೆ ಹೊಕ್ಕರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು, ಪಾರ್ಶ್ವವಾಯುವೂ ಸಂಭವಿಸಬಹುದು. ಇದು ಅಪರೂಪವಾದರೂ ಇದಕ್ಕೆ ಖಚಿತವಾದ ಪರಿಹಾರವಿಲ್ಲ. ಹುಬ್ಬು ತೀಡಿಸುವ ಪಾರ್ಲರ್‌ನಲ್ಲಿ ಮಾಡಿಸಿಕೊಳ್ಳುವ ಕೆಲಸ ಇದಲ್ಲ. ಅರ್ಹ ಪ್ಲಾಸ್ಟಿಕ್ ಸರ್ಜನ್ ಬಳಿ, ತುರ್ತು ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ಇದನ್ನು ಮಾಡಿಸಿಕೊಳ್ಳಬೇಕು.