ಖಾಲಿ ಕ್ಯಾಸೆಟ್ಟಿನ ಎರಡು ಬದಿಗಳು

ಹಾಡುಗಳನ್ನು ವಿಷಯಾನುಸಾರ ವಿಂಗಡಿಸುವುದು ನಮ್ಮಲ್ಲಿ ಯಂತ್ರಗಳೊಂದಿಗೆ ಬಂದ ಅಭ್ಯಾಸವಲ್ಲ. ಬೀಸುವ ಪದ, ಸೋಬಾನೆ ಪದ, ಜೋಗುಳ ಎಂದು ಜನಪದರು ಹೆಸರಿಟ್ಟಾಗಲೇ ಆ ಕೆಲಸ ಆರಂಭವಾಗಿತ್ತು. ಅಲ್ಲಿ ವರ್ಗವನ್ನು ನಿರ್ಣಯಿಸಿದ್ದು ಹಾಡುವವರ ದುಡಿಮೆ ಮತ್ತು ಸಂದರ್ಭ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳಿಗೆ ಕವಿಯ ಹೆಸರಿಲ್ಲ; ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣಿನ ಬದುಕೇ ಅವುಗಳ ಗುರುತು.

1957ರ ಅಕ್ಟೋಬರ್ 3ರಂದು ಆರಂಭವಾದ ವಿವಿಧ ಭಾರತಿಯೂ ಒಂದು ಮಟ್ಟಿಗೆ ಇದೇ ದಾರಿ ಹಿಡಿಯಿತು. ‘ಜಯಮಾಲಾ’ ಸೈನಿಕರಿಗಾಗಿ, ‘ಭೂಲೇ ಬಿಸರೇ ಗೀತ್’ ಹಳೆಯ ಹಾಡುಗಳನ್ನು ಮರೆಯಲೊಲ್ಲದವರಿಗಾಗಿ. ಕೇಳುಗನು ಯಾರೆಂಬುದರಿಂದ ಹಾಡಿನ ಸ್ಥಾನ ನಿಶ್ಚಯವಾಗುತ್ತಿತ್ತು.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಮನೆಗಳನ್ನು ವ್ಯಾಪಕವಾಗಿ ತಲುಪಿದ್ದು ಎಂಬತ್ತರ ದಶಕದಲ್ಲಿ. ಕನ್ನಡದಲ್ಲಿ 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ಟಿಗೆ ಹಾದಿ ತೆರೆಯಿತು. ಆದರೆ ಮಾರುಕಟ್ಟೆಯ ವಿಂಗಡಣೆ ಕವಿ, ಗಾಯಕ, ಚಲನಚಿತ್ರ, ದೇವರು ಎಂಬ ಹೆಸರುಗಳಲ್ಲಿಯೇ ನಿಂತಿತು.

ಇದನ್ನು ಮೀರಿದ್ದು ಖಾಲಿ ಕ್ಯಾಸೆಟ್ಟು. ಪಟ್ಟಿ ಬರೆದುಕೊಟ್ಟರೆ ಬೇಕಾದ ಹಾಡುಗಳನ್ನು ತುಂಬಿಸಿಕೊಡುವ ಅಂಗಡಿಗಳು ಅಂದಿನ ನಗರಗಳಲ್ಲಿ ಸಾಮಾನ್ಯವಾಗಿದ್ದವು. ಎರಡು ಡೆಕ್ಕಿನ ಟೇಪ್‌ರೆಕಾರ್ಡರ್ ಇದ್ದ ಮನೆಗೆ ಅಂಗಡಿಯೂ ಬೇಕಿರಲಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ; ಐದು ನಿಮಿಷದ ಹಾಡಾದರೆ ಆರೇ ಆರು. ‘ತವರು’ ಎಂಬ ಶೀರ್ಷಿಕೆಗೆ ಹತ್ತು ಹಾಡುಗಳು ಹೊಳೆದರೆ ನಾಲ್ಕನ್ನು ಕೈಬಿಡಲೇಬೇಕು. ವಿಮರ್ಶೆ ಎಂಬ ಶಬ್ದವನ್ನು ಬಳಸದೆಯೇ ನಡೆದ ವಿಮರ್ಶೆ ಅದು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರಿಗೆ ಈ ಆಯ್ಕೆ ಇನ್ನಷ್ಟು ಕಠಿಣ. ಸೊಲ್ಲಾಪುರದ ಕಡೆಯ ರೈಲು ಕಲ್ಯಾಣದ ಮೂಲಕ ಬರುತ್ತದೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಕರಾವಳಿಯವರನ್ನು ಪನ್ವೇಲ್, ಠಾಣೆಗಳಲ್ಲಿ ಇಳಿಸುತ್ತದೆ. ಬಯಲುಸೀಮೆಯವನಿಗೆ ಮಳೆ ಎಂದರೆ ಹರಕೆ. ಕರಾವಳಿಯವನಿಗೆ ನಾಲ್ಕು ತಿಂಗಳ ಸಹವಾಸ. ಹೀಗಿರುವಾಗ ‘ಮಳೆ’ ಎಂಬ ಒಂದೇ ಶೀರ್ಷಿಕೆಗೆ ಇಬ್ಬರೂ ತುಂಬಿಸುವ ಹಾಡುಗಳು ಒಂದೇ ಆಗಲಾರವು. ಕ್ಯಾಸೆಟ್ಟುಗಳನ್ನು ಬದಲಾಯಿಸಿಕೊಂಡಾಗ ಪರಸ್ಪರರ ಊರೂ ಕೈಗೆ ಬರುತ್ತದೆ.

ನೆರೆಮನೆಯ ಮರಾಠಿಯೂ ಇಲ್ಲಿ ಸೇರುತ್ತದೆ. ಗ. ದಿ. ಮಾಡಗೂಳಕರರು ಬರೆದು ಸುಧೀರ ಫಡಕೆಯವರು ಸಂಗೀತ ನೀಡಿದ ‘ಗೀತರಾಮಾಯಣ’ 1955–56ರಲ್ಲಿ ಪುಣೆ ಆಕಾಶವಾಣಿಯಿಂದ ವಾರಕ್ಕೊಂದರಂತೆ ಪ್ರಸಾರವಾಯಿತು; ಒಟ್ಟು 56 ಹಾಡುಗಳು. ಅದರಲ್ಲೊಂದನ್ನು ಡೊಂಬಿವಲಿಯ ಕನ್ನಡಿಗನು ‘ಭಕ್ತಿ’ಯಲ್ಲಿಡಬೇಕೇ, ‘ನೆರೆಹೊರೆ’ಯಲ್ಲಿಡಬೇಕೇ? ದಾಸರ ಪದದ ಪಕ್ಕದಲ್ಲಿ ಅದನ್ನಿರಿಸಿದ ಕ್ಯಾಸೆಟ್ಟನ್ನು ಯಾವ ಕಂಪನಿ ತಾನೇ ಮಾರೀತು? ವಲಸೆ ಬಂದವರ ಭಾಷಾಜೀವನವನ್ನು ಅಂತಹ ನೆರೆತನ ಹೇಳುವಷ್ಟು ನಿಖರವಾಗಿ ಜನಗಣತಿಯ ಮಾತೃಭಾಷೆಯ ಕಲಮು ಹೇಳಲಾರದು.

ಇಂದು ದೂರವಾಣಿಯೇ ಪಟ್ಟಿಯನ್ನು ಸಿದ್ಧಗೊಳಿಸುತ್ತದೆ. ನಾವು ನಿನ್ನೆ ಕೇಳಿದ್ದನ್ನು ಅದು ಬಲ್ಲದು. ಯಾರಿಗಾಗಿ ಕೇಳಿದೆವೆಂಬುದನ್ನು ಅರಿಯದು. ಇತ್ತ ಹಳೆಯ ಕ್ಯಾಸೆಟ್ಟುಗಳು ಈ ತೇವದ ಹವೆಯಲ್ಲಿ ಬೂಷ್ಟು ಹಿಡಿದು, ಮನೆ ಬದಲಾಯಿಸುವಾಗ ಗುಜರಿಗೆ ಸೇರುತ್ತಿವೆ. ನಮ್ಮ ಸಂಘಗಳ ಗ್ರಂಥಾಲಯಗಳು ಕನಿಷ್ಠ ಡಬ್ಬಿಯೊಳಗಿನ ಕೈಬರಹದ ಚೀಟಿಗಳನ್ನಾದರೂ ಛಾಯಾಚಿತ್ರ ತೆಗೆದಿರಿಸಬೇಕು. ಆ ಹಾಡುಗಳಲ್ಲಿ ಹೆಚ್ಚಿನವು ಬೇರೆಡೆ ಸಿಕ್ಕಾವು. ಯಾವ ಹಾಡನ್ನು ಯಾವ ಶೀರ್ಷಿಕೆಯಡಿ, ಯಾರಿಗಾಗಿ ಇಟ್ಟರೆಂಬುದು ಆ ಚೀಟಿಯಲ್ಲಿ ಮಾತ್ರ ಇದೆ.