ಫೋಟೋದಲ್ಲಿರುವ ಗಾಡಿ ಯಾರದು?



ಎರಡನೆಯ ಮಹಾಯುದ್ಧದ ಒಂದು ಕಪ್ಪು-ಬಿಳುಪು ಫೋಟೋ ನಿಮ್ಮ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಸುತ್ತಲೂ ಮರಳುಗಾಡು, ಮುಂದೆ ಜರ್ಮನ್ ಸಮವಸ್ತ್ರದ ಸೈನಿಕರು, ಹಿಂದೆ ಪೆಟ್ಟಿಗೆಯಂತೆ ಎತ್ತರವಾದ ಒಂದು ಉಕ್ಕಿನ ಗಾಡಿ. ಗಾಡಿಯ ಮೈಮೇಲೆ ಜರ್ಮನ್ ಶಿಲುಬೆಯ ಗುರುತು. ಕೆಳಗೆ ‘ಜರ್ಮನ್ ಸೇನಾವಾಹನ, ಉತ್ತರ ಆಫ್ರಿಕ, 1941’ ಎಂದು ಬರೆದಿದ್ದರೆ ನಾವು ನಂಬಿ ಪುಟ ತಿರುವುತ್ತೇವೆ. ಆದರೆ ಆ ಗಾಡಿಯನ್ನು ತಯಾರಿಸಿದ್ದು ಲಂಡನ್ ನಗರದ ಬಸ್ಸುಗಳನ್ನು ತಯಾರಿಸುತ್ತಿದ್ದ ಎ.ಇ.ಸಿ. ಎಂಬ ಬ್ರಿಟಿಷ್ ಕಂಪನಿ. ಅದು ಬ್ರಿಟಿಷ್ ಸೇನಾನಾಯಕರ ಸಂಚಾರಿ ಕಚೇರಿಯಾಗಿತ್ತು. ಗೆದ್ದವರು ಅದನ್ನು ತಮ್ಮದಾಗಿಸಿಕೊಂಡಿದ್ದರು.

ಶತ್ರುವಿನಿಂದ ವಶಪಡಿಸಿಕೊಂಡ ಸಾಮಗ್ರಿಗೆ ಉರ್ದುವಿನಲ್ಲಿ ‘ಮಾಲೆ ಗನೀಮತ್’ ಎನ್ನುತ್ತಾರೆ. ಕನ್ನಡದಲ್ಲಿ ‘ಕೊಳ್ಳೆ’, ಜರ್ಮನ್ ಭಾಷೆಯಲ್ಲಿ ‘ಬಾಯ್ಟೆ’. ಹೀಗೆ ಸಿಕ್ಕ ಟ್ಯಾಂಕುಗಳನ್ನು ಜರ್ಮನರು ‘ಬಾಯ್ಟೆಪಾಂಜರ್’ ಎಂದು ಕರೆದರು. ಜರ್ಮನಿಯ ಸೈನ್ಯವೆಂದರೆ ಪೂರ್ತಿ ಯಂತ್ರಮಯವೆಂದು ನಾವು ಸಿನಿಮಾ ನೋಡಿ ತಿಳಿದಿದ್ದೇವೆ. ವಾಸ್ತವ ಬೇರೆ. 1941ರ ಜೂನ್‌ನಲ್ಲಿ ರಷ್ಯದ ಮೇಲೆ ನುಗ್ಗಿದ ಆ ಸೈನ್ಯದ ಜೊತೆ ಸುಮಾರು 6 ಲಕ್ಷ ಕುದುರೆಗಳಿದ್ದವು! ಮೋಟಾರು ವಾಹನಗಳ ಕೊರತೆ ಅಷ್ಟಿತ್ತು. ಆದ್ದರಿಂದ ಸಿಕ್ಕಿದ್ದನ್ನೆಲ್ಲ ಬಳಸಿದರು. 1940ರಲ್ಲಿ ಡನ್‌ಕರ್ಕ್ ಮೊದಲಾದ ಬಂದರುಗಳಿಂದ ಹಡಗು ಹತ್ತಿ ಪಾರಾದ ಬ್ರಿಟಿಷ್ ಸೈನ್ಯ ಫ್ರಾನ್ಸಿನಲ್ಲಿ 60 ಸಾವಿರಕ್ಕೂ ಹೆಚ್ಚು ವಾಹನಗಳನ್ನೂ ಸುಮಾರು 20 ಸಾವಿರ ಮೋಟಾರ್ ಸೈಕಲ್ಲುಗಳನ್ನೂ ಬಿಟ್ಟುಹೋಗಿತ್ತು. ಫ್ರೆಂಚ್ ಸೈನ್ಯದ ಟ್ಯಾಂಕುಗಳು ಬೇರೆ.

ಜರ್ಮನರು ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಪ್ರತಿಯೊಂದು ಪರಕೀಯ ವಾಹನಕ್ಕೂ ಒಂದು ಸಂಖ್ಯೆ ಕೊಟ್ಟು, ಕೊನೆಯಲ್ಲಿ ದೇಶವನ್ನು ಸೂಚಿಸುವ ಅಕ್ಷರ ಸೇರಿಸುತ್ತಿದ್ದರು. ಫ್ರಾನ್ಸಿಗೆ ‘ಎಫ್’, ಇಂಗ್ಲೆಂಡಿಗೆ ‘ಇ’, ರಷ್ಯಕ್ಕೆ ‘ಆರ್’, ಅಮೆರಿಕಕ್ಕೆ ‘ಎ’. ಫ್ರಾನ್ಸಿನ ಸೋಮುವಾ ಟ್ಯಾಂಕು ‘739 ಎಫ್’ ಆಯಿತು, ರಷ್ಯದ ಟಿ-34 ‘747 ಆರ್’ ಆಯಿತು. ದಾಖಲೆ ಓದುವವರಿಗೆ ಇದು ದೊಡ್ಡ ಉಪಕಾರ. ಆದರೆ ಫೋಟೋ ನೋಡುವವರು ಕಣ್ಣನ್ನೇ ನಂಬಬೇಕು.

ಕಣ್ಣು ಮೊದಲು ಹೋಗುವುದು ಶಿಲುಬೆಯ ಗುರುತಿನ ಕಡೆಗೆ. ಅದನ್ನು ಕೊನೆಗೆ ನೋಡಿ. ಬಣ್ಣ, ಗುರುತು, ಬಾವುಟ ಇವನ್ನೆಲ್ಲ ಒಂದು ಗಂಟೆಯಲ್ಲಿ ಬದಲಿಸಬಹುದು. ಚಕ್ರಗಳನ್ನು ಬದಲಿಸುವುದು ಸುಲಭವಲ್ಲ. ಅಮೆರಿಕದ ಶರ್ಮನ್ ಟ್ಯಾಂಕಿಗೆ ಪ್ರತಿ ಪಕ್ಕದಲ್ಲಿ ಎರಡೆರಡರಂತೆ ಮೂರು ಜೋಡಿ ಚಿಕ್ಕ ಚಕ್ರ. ಟಿ-34ಕ್ಕೆ ಐದು ದೊಡ್ಡ ಚಕ್ರ. ಬ್ರಿಟಿಷರ ಮಟಿಲ್ಡಾದ ಚಕ್ರಗಳನ್ನು ದಪ್ಪ ಉಕ್ಕಿನ ತಗಡು ಮರೆಮಾಡಿರುತ್ತದೆ. ಜರ್ಮನಿಯದೇ ಆದ ಪ್ಯಾಂಥರ್‌ನಲ್ಲಿ ಚಕ್ರಗಳು ಒಂದರ ಮೇಲೊಂದು ಹೆಣೆದಂತೆ ಕಾಣುತ್ತವೆ. ಹಾಗಾದರೆ ಶಿಲುಬೆಯ ಗುರುತು ನಿರುಪಯೋಗಿಯೇ? ಅಲ್ಲ. ಅದರ ಗಾತ್ರ ನೋಡಿ. ಕೊಳ್ಳೆಯ ಟ್ಯಾಂಕಿನ ಮೇಲೆ ಅದನ್ನು ಬಹಳ ದೊಡ್ಡದಾಗಿ, ಹಲವು ಕಡೆ ಬರೆಯುತ್ತಿದ್ದರು. ಕಾರಣ ಸ್ಪಷ್ಟ: ಟಿ-34ರ ಆಕಾರ ಕಂಡೊಡನೆ ಗುಂಡು ಹಾರಿಸುವುದು ಜರ್ಮನ್ ಗೋಲಂದಾಜರ ಅಭ್ಯಾಸವಾಗಿತ್ತು. 1943ರ ಮಾರ್ಚಿನಲ್ಲಿ ಖಾರ್ಕೊವ್ ನಗರ ಮತ್ತೆ ಜರ್ಮನರ ವಶವಾದಾಗ, ಅಲ್ಲಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಟಿ-34ಗಳನ್ನು ರಿಪೇರಿ ಮಾಡಿ ಎಸ್.ಎಸ್. ಪಡೆಯ ‘ದಾಸ್ ರೈಕ್’ ಡಿವಿಜನ್ ಅದೇ ಜುಲೈನ ಕುರ್ಸ್ಕ್ ಕದನಕ್ಕೆ ಇಳಿಸಿತು. ಆ ಫೋಟೋಗಳಲ್ಲಿ ಶಿಲುಬೆಗಳು ಎಷ್ಟು ದೊಡ್ಡವೆಂದರೆ, ಒಳಗೆ ಕೂತವರ ಭಯವೇ ಅಲ್ಲಿ ಕಾಣುತ್ತದೆ.

ಲಾರಿಗಳ ವಿಷಯಕ್ಕೆ ಬನ್ನಿ. ಸ್ಟಿಯರಿಂಗ್ ಬಲಗಡೆ ಇದ್ದರೆ ಬ್ರಿಟಿಷ್ ಲಾರಿ ಎಂದು ಸಾಮಾನ್ಯವಾಗಿ ಊಹಿಸಬಹುದು. ಆದರೆ ನೆಗೆಟಿವ್ ತಿರುವುಮುರುವಾಗಿ ಅಚ್ಚಾಗಿದ್ದರೆ? ಎಡ ಬಲವಾಗುತ್ತದೆ! ಅದಕ್ಕೇ ಮೊದಲು ನಂಬರ್ ಪ್ಲೇಟಿನ ಅಕ್ಷರಗಳು ಸರಿಯಾಗಿವೆಯೇ ನೋಡಬೇಕು. ಪ್ಲೇಟು ಕಾಣದಿದ್ದರೆ ಪಕ್ಕದ ಸೈನಿಕನನ್ನು ನೋಡಿ. ಜರ್ಮನ್ ಭೂಸೇನೆಯವರು ಹದ್ದಿನ ಲಾಂಛನವನ್ನು ಬಲ ಎದೆಯ ಮೇಲೆ ಧರಿಸುತ್ತಿದ್ದರು. ಅದು ಎಡಗಡೆ ಕಂಡರೆ ಫೋಟೋ ತಿರುಗಿದೆ ಎಂದೇ ಅರ್ಥ. ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಓದಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದು ಕಷ್ಟವಾಗಲಾರದು. ಪ್ಲೇಟಿನಲ್ಲಿ ‘ಡಬ್ಲ್ಯು ಎಚ್’ ಇದ್ದರೆ ಗಾಡಿ ಜರ್ಮನ್ ಭೂಸೇನೆಯ ಪಟ್ಟಿಗೆ ಸೇರಿದೆ, ‘ಡಬ್ಲ್ಯು ಎಲ್’ ಇದ್ದರೆ ವಾಯುಸೇನೆಯ ಪಟ್ಟಿಗೆ. ಮೂತಿ ಮೊಂಡಾಗಿದ್ದು, ಮುಂದಿನ ಗಾಜಿನ ಮೇಲಂಚು ಹೊರಕ್ಕೂ ಕೆಳಗಿನಂಚು ಒಳಕ್ಕೂ ಓರೆಯಾಗಿದ್ದರೆ ಅದು ಕೆನಡಾದಲ್ಲಿ ತಯಾರಾದ ಮಿಲಿಟರಿ ಲಾರಿಯಾಗಿರಬಹುದು. ಮರುಭೂಮಿಯಲ್ಲಿ ಬ್ರಿಟಿಷ್ ಸೈನ್ಯ ಇವನ್ನು ಬಹಳ ಬಳಸಿತು. ಹಾಗಾಗಿ ಜರ್ಮನರ ಕೈಗೂ ಇವು ಬಹಳ ಸಿಕ್ಕಿದವು.

ಇಲ್ಲೊಂದು ಎಚ್ಚರಿಕೆ. ಬಾನೆಟ್ಟಿನ ಮೇಲೆ ‘ಫೋರ್ಡ್’ ಎಂದಿದ್ದ ಮಾತ್ರಕ್ಕೆ ಅದು ಕೊಳ್ಳೆಯ ಗಾಡಿಯಲ್ಲ. ಫೋರ್ಡ್ ಕಂಪನಿ 1931ರಿಂದಲೇ ಜರ್ಮನಿಯ ಕೊಲೋನ್ ನಗರದಲ್ಲಿ ಕಾರ್ಖಾನೆ ನಡೆಸುತ್ತಿತ್ತು. ಅಲ್ಲಿಯ ಲಾರಿಗಳು ಯುದ್ಧದುದ್ದಕ್ಕೂ ಜರ್ಮನ್ ಸೈನ್ಯಕ್ಕೆ ಹೋದವು. ಜರ್ಮನರ ಅತಿ ಪರಿಚಿತ ಲಾರಿ ಒಪೆಲ್ ಬ್ಲಿಟ್ಸ್. ಆ ಒಪೆಲ್ ಕಂಪನಿಯ ಒಡೆತನವೂ ಆಗ ಅಮೆರಿಕದ ಜನರಲ್ ಮೋಟಾರ್ಸ್‌ನದಾಗಿತ್ತು. ವ್ಯಾಪಾರಕ್ಕೆ ಗಡಿಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮೋಸ ಮಾಡಲೆಂದೇ ವೇಷ ಹಾಕಿದ ಗಾಡಿಗಳೂ ಇವೆ. 1944ರ ಡಿಸೆಂಬರಿನ ಆರ್ಡೆನ್ ಕದನದಲ್ಲಿ ಓಟ್ಟೊ ಸ್ಕೋರ್ಜೆನಿ ಎಂಬ ಜರ್ಮನ್ ಅಧಿಕಾರಿಗೆ ಅಮೆರಿಕನ್ ಗಾಡಿಗಳ ದಂಡೇ ಬೇಕಿತ್ತು. ಸಾಕಷ್ಟು ಸಿಗಲಿಲ್ಲ. ಆಗ ಐದು ಪ್ಯಾಂಥರ್ ಟ್ಯಾಂಕುಗಳಿಗೆ ತಗಡು ಹೊಡೆದು, ಬಿಳಿ ನಕ್ಷತ್ರ ಬರೆದು, ಅಮೆರಿಕದ ಎಂ-10ರಂತೆ ಸಿಂಗರಿಸಿದರು. ಬೆಲ್ಜಿಯಂನ ಮಾಲ್ಮೆಡಿಯ ಬಳಿ ಕೈಬಿಟ್ಟುಹೋದ ಇವುಗಳ ಫೋಟೋ ಇಂದಿಗೂ ಇದೆ. ತಗಡಿನ ಕೆಳಗೆ ಹೆಣೆದ ಚಕ್ರಗಳು ಹಾಗೆಯೇ ಕಾಣುತ್ತವೆ.

ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ಮೊದಲು ಹೇಳಿದ ಆ ಪೆಟ್ಟಿಗೆ ಗಾಡಿಗೆ ಮರಳಿ ಬನ್ನಿ. ಜರ್ಮನ್ ಸೇನಾಪತಿ ರೊಮೆಲ್ 1941ರ ಏಪ್ರಿಲ್‌ನ ದಂಡಯಾತ್ರೆಯಲ್ಲಿ ಅಂಥ ಗಾಡಿಗಳನ್ನು ವಶಪಡಿಸಿಕೊಂಡು ‘ಮ್ಯಾಮತ್’ ಎಂದು ಕರೆದ. ತಾನೇ ಒಂದರಲ್ಲಿ ಓಡಾಡಿದ. ಅದೇ ದಂಡಯಾತ್ರೆಯಲ್ಲಿ ಲಿಬಿಯದ ಮೆಖಿಲಿ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದವರು ಬ್ರಿಟಿಷ್ ಜನರಲ್ ಗ್ಯಾಂಬಿಯರ್-ಪ್ಯಾರಿಯ ಜೊತೆ ನಮ್ಮ 3ನೇ ಇಂಡಿಯನ್ ಮೋಟಾರ್ ಬ್ರಿಗೇಡಿನ ಜವಾನರು. ಕುದುರೆ ಬಿಟ್ಟು ಲಾರಿ ಹತ್ತಿದ ಹಳೆಯ ಅಶ್ವದಳಗಳವು, ಟ್ಯಾಂಕುಗಳಿರಲಿಲ್ಲ. ಶರಣಾಗಿರೆಂಬ ಕರೆಯನ್ನು ಪದೇ ಪದೇ ತಿರಸ್ಕರಿಸಿ, ಏಪ್ರಿಲ್ 8ರ ಮುಂಜಾನೆ ಸುತ್ತುಗಟ್ಟು ಭೇದಿಸಲು ನೋಡಿದರು. ಕೆಲವರು ಪಾರಾದರು, ಬಹಳಷ್ಟು ಮಂದಿ ಸೆರೆಯಾದರು. ‘ಜರ್ಮನ್ ವಾಹನ’ ಎಂಬ ಎರಡು ಪದದಲ್ಲಿ ಇವರೆಲ್ಲ ಅಳಿಸಿಹೋಗುತ್ತಾರೆ.

ಜರ್ಮನಿಯ ರಾಷ್ಟ್ರೀಯ ದಾಖಲಾಗಾರ 2008ರಲ್ಲಿ 80 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಸಾರ್ವಜನಿಕರಿಗೆ ಮುಕ್ತವಾಗಿ ಕೊಟ್ಟಿದೆ. ಯುದ್ಧಕಾಲದ ಮೂಲ ಶೀರ್ಷಿಕೆಗಳು ತಪ್ಪಾಗಿರಬಹುದು, ಪ್ರಚಾರಕ್ಕಾಗಿ ಬರೆದವಾಗಿರಬಹುದು ಎಂದು ಅದೇ ಎಚ್ಚರಿಸಿದೆ. ಶಾಲೆಯ ಕಂಪ್ಯೂಟರಿನಲ್ಲಿ ಉತ್ತರ ಆಫ್ರಿಕದ ಚಿತ್ರಗಳನ್ನು ತೆರೆದಾಗ ಲಾರಿಗಳ ಮಡ್‌ಗಾರ್ಡನ್ನು ದೊಡ್ಡದು ಮಾಡಿ ನೋಡಿ. ನಮ್ಮ 4ನೇ ಇಂಡಿಯನ್ ಡಿವಿಜನ್ನಿನ ಗುರುತು ಕಪ್ಪು ಚೌಕದ ಮೇಲೆ ಕೆಂಪು ಹದ್ದು, 5ನೇ ಡಿವಿಜನ್ನಿನದು ಕೆಂಪು ಗೋಲ. ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣ ತಿಳಿಯುವುದಿಲ್ಲ, ಆಕಾರ ತಿಳಿಯುತ್ತದೆ. ಬಾಗಿಲ ಮೇಲೆ ಹೊಸದಾಗಿ ಬಳಿದ ಶಿಲುಬೆ, ಮಡ್‌ಗಾರ್ಡ್ ಮೇಲೆ ಅಳಿಸದೆ ಉಳಿದ ಹದ್ದು ಎರಡೂ ಒಂದೇ ಲಾರಿಯಲ್ಲಿ ಕಂಡರೆ, ಅದನ್ನು ಮೊದಲು ಓಡಿಸಿದವನು ಯಾವ ದೇಶದಿಂದ ಹೋಗಿದ್ದ ಎಂದು ನೀವೇ ಹೇಳಬಲ್ಲಿರಿ.